ಕಡಲ ತೈಲ, ಮೀನುಗಾರರ ಬಲೆ: ಕೇಳಿ, ಹೇಳುತ್ತೇನೆ

(ಮೈಸೂರು, ಮಂಡ್ಯದ ಮೀನು ಪ್ರಿಯರ ಗುಂಪು. ಕೇಳಿದವರ ಹೆಸರಿನ ಬದಲು ಅವರ ಊರು, ಬಡಾವಣೆ. ಉತ್ತರ: ನಿವೃತ್ತ ಮೀನುಗಾರಿಕೆ ಅಧಿಕಾರಿ)

ಸರಸ್ವತಿಪುರಂ: ಮುಂಬೈ ಕಡಲಿನಲ್ಲಿ ತೈಲ ತೆಗೆಯುತ್ತಾರಲ್ಲ ಸಾರ್, ನಮ್ಮ ಬಂಗುಡೆ ತಿನ್ನಬಹುದೇ?

ಅಧಿಕಾರಿ: ತಿನ್ನಬಹುದು. ಆ ತೈಲ ತೆಗೆಯುವ ಜಾಗ, ಬಾಂಬೆ ಹೈ, ಇರುವುದು ಮುಂಬೈಯಿಂದಲೇ ಸುಮಾರು 160 ಕಿ.ಮೀ. ಪಶ್ಚಿಮಕ್ಕೆ; ನಮ್ಮ ಕರಾವಳಿಗೆ ಇನ್ನೂ ದೂರ. ಮೀನಿಗೆ ಸೀಮೆಎಣ್ಣೆಯ ವಾಸನೆ ಬಂದರೆ ಬಿಸಾಡಿ.

ಮಂಡ್ಯ: ತಂಗಿಯನ್ನು ಮುಂಬೈಯ ವರ್ಸೋವಾದ ಮೀನುಗಾರರ ಮನೆಗೆ ಕೊಟ್ಟಿದ್ದೇವೆ. ದೀಪಾವಳಿ ಕಳೆದ ಮೇಲೆ ತೈಲ ಹುಡುಕುವ ಸರ್ವೆ ಹಡಗು ಬಂತು. ಜೊತೆಗಿದ್ದ ಕಾವಲು ದೋಣಿಯವರು ಅವಳ ಗಂಡನ ದೋಣಿಯನ್ನು ಓಡಿಸಿದರಂತೆ. ಬಿಟ್ಟಿದ್ದ ಬಲೆಯಲ್ಲಿ ಅರ್ಧ ಹರಿದುಹೋಗಿದೆ. ಪರಿಹಾರ ಸಿಗುತ್ತದೆಯೇ?

ಅಧಿಕಾರಿ: ಇವತ್ತು ಬಂದ ಪ್ರಶ್ನೆಗಳಲ್ಲಿ ಹೊಟ್ಟೆಪಾಡಿನದು ಇದೊಂದೇ ತಾಯಿ. ಆ ಹಡಗು ಕಿಲೋಮೀಟರುಗಟ್ಟಲೆ ಕೇಬಲ್ ಎಳೆದುಕೊಂಡು, ನೀರಿನೊಳಗೆ ಗಾಳಿಯ ಒತ್ತಡದಿಂದ ಸದ್ದು ಸಿಡಿಸಿ, ಕಡಲ ತಳದಿಂದ ಬರುವ ಮರುದನಿಯನ್ನು ದಾಖಲಿಸುತ್ತದೆ. ಥಟ್ಟನೆ ತಿರುಗಲಾರದು, ಅದಕ್ಕೇ ಕಾವಲು. ಸರ್ವೆಗೆ ಶಾಂತ ಕಡಲು ಬೇಕು, ಮೀನುಗಾರನಿಗೂ ಅವೇ ದಿನಗಳು ಬೇಕು. ಜೂನ್, ಜುಲೈ ಹೇಗೂ ಮೀನುಗಾರಿಕೆಗೆ ನಿಷೇಧ. 1992ರಲ್ಲಿ ನಾರ್ವೆಯ ವಿಜ್ಞಾನಿಗಳು ತಮ್ಮ ಉತ್ತರದ ಬ್ಯಾರೆಂಟ್ಸ್ ಸಮುದ್ರದಲ್ಲಿ ಇಂಥದೇ ಸದ್ದು ಸಿಡಿಸಿ ಪರೀಕ್ಷಿಸಿದಾಗ ಬಲೆಗೆ ಸಿಗುವ ಕಾಡ್ ಎಂಬ ಮೀನು ಸುಮಾರು ಅರ್ಧಕ್ಕಿಳಿದಿತ್ತು. ಸದ್ದು ನಿಂತು ಐದು ದಿನವಾದರೂ ಚೇತರಿಸಿರಲಿಲ್ಲ. ಆ ಲೆಕ್ಕವನ್ನು ತಂದು ಬಂಗುಡೆಗೆ ಹಚ್ಚಬೇಡಿ, ಅರ್ಜಿ ಬಿದ್ದುಹೋಗುತ್ತದೆ.

ಉಳಿದ ಬಲೆಯನ್ನು ಈಗಲೇ ಹೊಲಿಯುವುದು ಬೇಡ. ಹರಿದ ಅಂಚಿನ ಚಿತ್ರ, ಜಿಪಿಎಸ್ ತೋರಿಸಿದ ಜಾಗ, ಹೊತ್ತು, ಹಡಗಿನ ಹೆಸರು, ಬಲೆಯ ರಸೀದಿ, ಪಕ್ಕದ ದೋಣಿಯವರ ಸಾಕ್ಷಿ, ಇಷ್ಟನ್ನೂ ಸಹಕಾರ ಸಂಘದ ಮೂಲಕ ಮೀನುಗಾರಿಕೆ ಇಲಾಖೆಗೆ ಕೊಟ್ಟು ಸ್ವೀಕೃತಿ ಪಡೆಯಲಿ. ಬಲೆಗೆ ಏನಾದರೂ ಸಿಗಬಹುದು. ಕಡಲಿಗಿಳಿಯದ ದಿನಗಳ ಕೂಲಿಗೆ ಹೋರಾಡಬೇಕು. ತಂಗಿಯೂ ಮೀನು ಮಾರುತ್ತಾಳೆಯೇ? ಹಾಗಿದ್ದರೆ ಅವಳ ನಷ್ಟವನ್ನು ಬೇರೆಯಾಗಿ ಬರೆಸಿ. ದೋಣಿ ಯಾರ ಹೆಸರಿನಲ್ಲಿದೆಯೋ ಅವನೊಬ್ಬನೇ ಮೀನುಗಾರ ಎಂದುಕೊಂಡ ಕಡತಗಳನ್ನು ಬೇಕಾದಷ್ಟು ನೋಡಿದ್ದೇನೆ.

ಕುವೆಂಪುನಗರ: ಅರಿಶಿನ, ಹುಣಸೆಹುಳಿಯಲ್ಲಿ ನೆನೆಸಿದರೆ ಮೀನಿಗೆ ಸೇರಿದ ಕಡಲ ತೈಲದ ವಿಷ ಇಳಿಯುತ್ತದೆ ಎಂದು ಸಂದೇಶ ಬಂದಿದೆ.

ಅಧಿಕಾರಿ: ಇಳಿಯುವುದಿಲ್ಲ. ತೈಲದ ಅಂಶ ಸೇರುವುದು ಕೊಬ್ಬಿನೊಳಗೆ. ಹುಣಸೆಯಿಂದ ಸಾರು ರುಚಿಯಾಗುತ್ತದೆ, ಅಷ್ಟೇ.

ಮದ್ದೂರು: ದಡಕ್ಕೆ ಬಂದ ತೈಲಕ್ಕೆ ಸೋಪಿನ ಪುಡಿ, ಮೈಗೆ ಅಂಟಿದರೆ ಸೀಮೆಎಣ್ಣೆ. ಎಲ್ಲರಿಗೂ ಕಳಿಸಿ.

ಅಧಿಕಾರಿ: ಯಾರಿಗೂ ಕಳಿಸಬೇಡಿ! ಸೋಪು ತೈಲವನ್ನು ನೀರಿಗೆ ಬೆರೆಸಿ ಮೀನುಮರಿಗಳಿಗೆ ಉಣಿಸುತ್ತದೆ. ಸೀಮೆಎಣ್ಣೆಯಿಂದ ಚರ್ಮ ಬೇಯುತ್ತದೆ; ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ತೊಳೆಯಿರಿ.

ವಿಜಯನಗರ: ಕಚ್ಚಾ ತೈಲದಲ್ಲಿ ಶೇ 80ಕ್ಕಿಂತ ಹೆಚ್ಚು ಆಮದು. ನಾಲ್ಕು ಬಲೆ ಹರಿದವೆಂದು ತೈಲ ಬಾವಿ ಮುಚ್ಚಬೇಕೇ? ದೋಣಿಗೂ ಡೀಸೆಲ್ ಬೇಕಲ್ಲ.

ಶ್ರೀರಂಗಪಟ್ಟಣ: ಮುಚ್ಚಿ ಎಂದವರು ಯಾರು? ಕನ್ನಂಬಾಡಿ ಕಟ್ಟೆಗಾಗಿ ಊರು ಬಿಟ್ಟವರ ಮನೆಯವರನ್ನು ಕೇಳಿ, ದೇಶದ ಹೆಸರಿನಲ್ಲಿ ಕಳೆದುಕೊಳ್ಳುವುದು ಏನೆಂದು ಹೇಳುತ್ತಾರೆ.

ವಿಜಯನಗರ: ಆ ಕಟ್ಟೆಯಿಲ್ಲದೆ ನಿಮ್ಮ ಗದ್ದೆಗೆ ನೀರೆಲ್ಲಿತ್ತು?

ಶ್ರೀರಂಗಪಟ್ಟಣ: ನನಗೆ ಗದ್ದೆಯೇ ಇಲ್ಲ ಸ್ವಾಮಿ. ನೀವು ಮೊದಲು ಪ್ರಶ್ನೆ ಓದಿ.

ಅಧಿಕಾರಿ: ಕಟ್ಟೆಯ ಜಗಳ ಹೊರಗಿಟ್ಟುಕೊಳ್ಳಿ. ಕಡಲಲ್ಲಿ ನಿಂತು ತೈಲ ತೆಗೆಯುವ ವೇದಿಕೆಯ ಸುತ್ತ 500 ಮೀಟರ್ ಸುರಕ್ಷತಾ ವಲಯ, ಮೀನುಗಾರರು ಒಳಗೆ ಹೋಗುವಂತಿಲ್ಲ. ವೇದಿಕೆಯ ಕಾಲುಗಳಿಗೆ ಚಿಪ್ಪು, ಪಾಚಿ ಹತ್ತುವುದರಿಂದ ಮೀನು ಮುತ್ತುವುದೂ ಅಲ್ಲೇ. ಆ ಮೀನನ್ನು ಬಿಟ್ಟು ಹೋಗು ಎನ್ನುವವರು ಬಿಟ್ಟದ್ದಕ್ಕೆ ಬೆಲೆ ಕಟ್ಟಲಿ.

ಗುತ್ತಲು ರಸ್ತೆ: ಗೋವಾ ಮರಳಿನಲ್ಲಿ ಕಾಲಿಗೆ ಮೆತ್ತುವ ಡಾಂಬರಿನ ಉಂಡೆ ಎಲ್ಲಿಂದ ಬರುತ್ತದೆ ಸಾರ್?

ಹೆಬ್ಬಾಳ: ಬಂಗುಡೆ ತಿನ್ನಬಹುದೇ ಸಾರ್?

ಅಧಿಕಾರಿ: ಮೇಲೆ ನೋಡಿ.

ಮಂಡ್ಯ: ತಂಗಿ ಬೊಂಬಿಲ್ ಮೀನು ಒಣಗಿಸಿ ಮಾರುತ್ತಾಳೆ. ರಸೀದಿ ಎಲ್ಲಿಂದ ತರುವುದು?

ಅಧಿಕಾರಿ: ಸಂತೆಯ ಸುಂಕದ ಚೀಟಿ, ಸಾಗಣೆಯ ಬಾಡಿಗೆ, ಸಾಲದ ಪುಸ್ತಕ, ಏನಿದ್ದರೂ ಕೂಡಿಡಲಿ. ಅರ್ಜಿಯ ಕರಡನ್ನು ನನಗೆ ಪ್ರತ್ಯೇಕವಾಗಿ ಕಳಿಸಿ, ಇಲ್ಲಿ ಬೇಡ.

ಕುವೆಂಪುನಗರ: ಸಾರ್, ಹುಣಸೆಯ ಬದಲು ವಿನೆಗರ್ ಆದರೆ?