ಹೊಳೆದಂಡೆಯವರ ಮಾತಿಗೆ ಪ್ರವಾಹ ಯೋಜನೆಯಲ್ಲಿ ಜಾಗ ಎಲ್ಲಿದೆ?

ಪ್ರಶ್ನೆ (ಕೊಡಗಿನ ಕಾವೇರಿ ದಂಡೆಯ ಕರಡಿಗೋಡು): ಮಳೆಗಾಲ ಹತ್ತಿರ ಬಂದಾಗ ಸಭೆ ಕರೀತಾರೆ, ಸಹಿ ಹಾಕಿಸ್ಕೋತಾರೆ. ಹೊಳೆ ಏರಿದ ಮೇಲೆ ಮನೆ ಖಾಲಿ ಮಾಡಿ ಅಂತ ನೋಟಿಸ್. ನಾವು ಹೇಳಿದ್ದು ಎಲ್ಲೂ ದಾಖಲಾಗಲ್ಲ. ಹಾರಂಗಿ ಅಣೆಕಟ್ಟಿನ ಗೇಟ್ ತೆಗೆಯುವಾಗಲಾದರೂ ನಮ್ಮನ್ನು ಕೇಳಬೇಕಲ್ವಾ ಸರ್?

ಉತ್ತರ (ಜಲಸಂಪನ್ಮೂಲ ಇಂಜಿನಿಯರ್): ಹಾರಂಗಿ ಕಾವೇರಿಗೆ ಸೇರುವುದು ಕೂಡಿಗೆಯಲ್ಲಿ, ನಿಮ್ಮೂರಿಗಿಂತ ಎಷ್ಟೋ ಕೆಳಗೆ. ಗೇಟಿನ ಪ್ರಶ್ನೆಯನ್ನು ಅಲ್ಲಿಂದ ಕೆಳಗಿನವರು ಕೇಳಬೇಕು. ಕರಡಿಗೋಡು, ಗುಹ್ಯಕ್ಕೆ ನುಗ್ಗುವ ನೀರು ಹೊಳೆಯ ಮೇಲ್ಭಾಗದ ಭಾಗಮಂಡಲ, ನಾಪೋಕ್ಲು ಕಡೆಯದು. ನಡುವೆ ಅದನ್ನು ಹಿಡಿದಿಡುವ ದೊಡ್ಡ ಅಣೆಕಟ್ಟು ಇಲ್ಲ. ಹಾಗಾಗಿ ನೀವು ಜೊತೆಗೆ ಕೂರಬೇಕಾದದ್ದು ನಾಪೋಕ್ಲಿನವರ ಹತ್ತಿರ.

ಕಾನೂನು ನಿಮ್ಮ ಪರವಾಗಿಯೇ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 31ನೇ ಕಲಂ ಪ್ರಕಾರ ಜಿಲ್ಲಾ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳ ಜೊತೆ ಸಮಾಲೋಚಿಸಿಯೇ ಮಾಡಬೇಕು, ವರ್ಷ ವರ್ಷ ಪರಿಷ್ಕರಿಸಬೇಕು. ಪಂಚಾಯಿತಿಯೂ ಸ್ಥಳೀಯ ಸಂಸ್ಥೆಯೇ. ಆದರೆ ಮೇ ಕೊನೆಯ ಸಭೆಗೆ ಬರುವಷ್ಟರಲ್ಲಿ ದೋಣಿ ಎಲ್ಲಿ, ಕಾಳಜಿ ಕೇಂದ್ರ ಎಲ್ಲಿ ಅನ್ನೋದೆಲ್ಲ ಬರೆದು ಮುಗಿದಿರುತ್ತದೆ. ಅದಕ್ಕೇ ಮೊದಲೇ, ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ, ನಿಮ್ಮ ಮಾತನ್ನು ಗ್ರಾಮಸಭೆಯಲ್ಲಿ ಎತ್ತಿ.

ಬರಿಗೈಲಿ ಹೋಗಬೇಡಿ. 2018, 2019ರಲ್ಲಿ ನೀರು ನಿಂತ ಗುರುತು ಗೋಡೆಯ ಮೇಲೆ ಇನ್ನೂ ಇದ್ದರೆ ಅದರ ಮೇಲೊಂದು ಬಣ್ಣದ ಗೆರೆ ಎಳೆದು, ಟೇಪ್ ಹಿಡಿದು, ನೆಲದಿಂದ ಎಷ್ಟು ಅಡಿ ಅಂತ ಕಾಣುವ ಹಾಗೆ ಫೋಟೋ ತೆಗೆಯಿರಿ. ನಾಪೋಕ್ಲು ಕಡೆ ರಸ್ತೆ ಮುಳುಗಿದ್ದು ಎಷ್ಟು ಗಂಟೆಗೆ, ನಿಮ್ಮ ಅಂಗಳಕ್ಕೆ ನೀರು ಬಂದದ್ದು ಎಷ್ಟು ಗಂಟೆಗೆ ಅಂತ ಬರೆದಿಡಿ. ಆ ಅಂತರವೇ ನಿಮಗೆ ಸಾಮಾನು ಎತ್ತಿ ಹೊರಡಲು ಸಿಗುವ ಹೊತ್ತು. ಪ್ರವಾಹವನ್ನು ಅಂದಾಜಿಸುವ ಯಾವ ಮಾಡೆಲ್ ಲೆಕ್ಕವನ್ನೂ ಸರಿತೂಗಿಸಲು ನಮ್ಮಂಥ ಇಂಜಿನಿಯರ್‌ಗಳಿಗೆ ಬೇಕಾದದ್ದು ಇದೇ.

ಪ್ರಶ್ನೆ (ನೆಲ್ಯಹುದಿಕೇರಿ): ಸಭೆಗೆ ಬರುವವರು ತೋಟದ ಮಾಲೀಕರು. ಮುಳುಗುವುದು ಪೈಸಾರಿ (ಸರ್ಕಾರಿ) ಜಾಗದ ಮನೆಗಳು. ಹೇಗೆ ಕರೆತರೋದು?

ಉತ್ತರ: ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಕೂಲಿ ಬಿಟ್ಟು ಯಾರು ಬರ್ತಾರೆ? ಭಾನುವಾರ ಸಂಜೆ, ಹೊಳೆದಂಡೆಯಲ್ಲೇ ಇಡಿಸಿ. ಮಲಯಾಳಂ, ತಮಿಳಿನಲ್ಲೂ ವಿವರಿಸುವವರು ಇರಲಿ. ಹಕ್ಕುಪತ್ರ ಇಲ್ಲದವರನ್ನು, ತೋಟದ ಕಾರ್ಮಿಕರ ಲೈನ್‌ಮನೆಯವರನ್ನು ಪಟ್ಟಿಯಿಂದ ಬಿಟ್ಟ ಯೋಜನೆಗೆ ಬೆಲೆಯೇ ಇಲ್ಲ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಪ್ರಶ್ನೆ (ನಾಪೋಕ್ಲು): ಜನ ಹೇಳಿದಂತೆ ಯೋಜನೆ ಬದಲಾದದ್ದು ಎಲ್ಲಾದರೂ ಉಂಟಾ?

ಉತ್ತರ: ಉಂಟು. ನೆದರ್ಲೆಂಡ್ಸಿನ ಓವರ್‌ಡೀಪ್ಸ ಎಂಬ ತಗ್ಗು ಪ್ರದೇಶದಲ್ಲಿ ನದಿಗೆ ಜಾಗ ಬಿಡಬೇಕಾಗಿ ಬಂದಾಗ ಅಲ್ಲಿನ ಹೈನುಗಾರರೇ ಒಂದು ನಕ್ಷೆ ಮುಂದಿಟ್ಟರು: ಒಡ್ಡು ತಗ್ಗಿಸಿ, ನಮ್ಮ ಮನೆ, ಕೊಟ್ಟಿಗೆಗಳನ್ನು ಎತ್ತರದ ದಿಬ್ಬಗಳ ಮೇಲೆ ಕಟ್ಟಿಕೊಡಿ ಅಂತ. ಸರ್ಕಾರ ಒಪ್ಪಿತು. ಎಲ್ಲರೂ ಉಳಿಯಲಿಲ್ಲ, ಕೆಲವರು ಪರಿಹಾರ ಪಡೆದು ಬೇರೆಡೆ ಹೋದರು.

ಅದೇ ದಿಬ್ಬ ನಮ್ಮಲ್ಲಿ ಬೇಕಿಲ್ಲ. ನಮ್ಮಲ್ಲಿ ನೀರು ನಿಲ್ಲುವ ಜಾಗ ಅಂದರೆ ಹೊಳೆಬದಿಯ ಗದ್ದೆ. ಅದನ್ನು ಮಣ್ಣು ತುಂಬಿಸಿ ಬಡಾವಣೆ ಮಾಡಿದಷ್ಟೂ ನೀರು ಪಕ್ಕದ ಮನೆಗಳಿಗೆ ನುಗ್ಗುತ್ತದೆ. ಉಳಿದಿರುವ ಗದ್ದೆಗಳನ್ನು ಸರ್ವೆ ನಂಬರ್ ಸಮೇತ ನಿರ್ಣಯದಲ್ಲಿ ಬರೆಸಿ. ಸಭೆ ಮುಗಿದ ಮೇಲೆ ನಡಾವಳಿಯ ದೃಢೀಕೃತ ಪ್ರತಿ ಕೇಳಿ ಪಡೆದು, ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟು ಸ್ವೀಕೃತಿ ತಗೊಳ್ಳಿ.