ಹಿಮಾಚಲದ ಲಾಹೌಲ್‌ನಲ್ಲಿ ರಾಕ್ ಗ್ಲೇಸಿಯರ್ ಅಳೀಲಿಕ್ಕೆ ಹೊರಟಿದೇವೆ, ಅನುಭವ ಇದ್ದವ್ರು ಹೇಳಿ

ಕಾರವಾರದವಳು, ಜಿಯಾಲಜಿ ಎಂಎಸ್ಸಿ. ಸೆಪ್ಟೆಂಬರಲ್ಲಿ ಟೀಮ್ ಜೊತೆ ಹೋಗ್ತಿದೇನೆ. ಕಲ್ಲು-ಐಸ್ ಸೇರಿದ ಆ ರಾಶಿ ವರ್ಷಕ್ಕೆ ಎಷ್ಟು ಜರಗ್ತದೆ ಅಂತ ನೋಡ್ಬೇಕು. ಡಿಜಿಪಿಎಸ್ (ಸೆಂಟಿಮೀಟರ್ ಮಟ್ಟಕ್ಕೆ ಜಾಗ ಅಳೆಯೋ ಜಿಪಿಎಸ್) ಉಂಟು, ಡ್ರೋನ್ ಡೌಟು. ಸ್ಯಾಟಲೈಟ್ ಡೇಟಾದಲ್ಲೇ ಕೆಲಸ ಆಗ್ತದಾ?

ಶಿರಸಿಯಿಂದ:
ತಂಗಿ, ಮೊದ್ಲು ಬೇಸ್, ಅಂದ್ರೆ ಒಂದೇ ಕಡೆ ಕೂತಿರೋ ಡಿಜಿಪಿಎಸ್ ರಿಸೀವರ್, ಎಲ್ಲಿ ಇಡ್ತೀರಿ ಅಂತ ತೀರ್ಮಾನ ಮಾಡಿ, ಉಳಿದದ್ದೆಲ್ಲ ಆಮೇಲೆ. ನಾನು ಸರ್ವೆ ಕೆಲಸದವ, ಸ್ಪಿತಿ ಕಡೆ ಒಂದು ಟೀಮ್ ಜೊತೆ ಹೋಗಿದ್ದೆ. ಅಲ್ಲಿ ಎಲ್ಲಿ ನೋಡಿದ್ರೂ ಕಲ್ಲೇ, ಯಾವ್ದು ಗುಡ್ಡದ ಮೂಲ ಬಂಡೆ ಯಾವ್ದು ಒಳಗಿನ ಐಸ್ ಜೊತೆ ನಿಧಾನ ಕೆಳಗೆ ಹೋಗ್ತಾ ಇರೋದು ಅಂತ ದೂರದಿಂದ ಗೊತ್ತೇ ಆಗೂದಿಲ್ಲ, ಜರಗೋ ಕಲ್ಲಿನ ಮೇಲೇ ಬೇಸ್ ಇಟ್ರೆ ದೋಣಿಯಲ್ಲಿ ಕೂತು ದೋಣಿ ಎಷ್ಟು ತೇಲಿತು ಅಂತ ಅಳೆದ ಹಾಗೆ. ಹೊರಗಿನ ಗಟ್ಟಿ ಬಂಡೆ ಹಿಡೀರಿ, ಅಂಥದ್ರ ಮೇಲೇ ನಾಲ್ಕೈದು ಚೆಕ್ ಪಾಯಿಂಟೂ ಹಾಕಿ. ಮುಂದಿನ ವರ್ಷ ಅವೂ ಜರಗಿದ ಹಾಗೆ ಕಂಡ್ರೆ ಅಷ್ಟು ನಿಮ್ಮ ಎರರ್ ಅಂತ ತಿಳ್ಕೊಳ್ಳಿ.

ಅಳೆಯೋ ಕಲ್ಲು ದೊಡ್ಡದಿರ್ಲಿ, ಅರ್ಧ ಹೂತಿರ್ಬೇಕು. ಮುಂದಿನ ಅಂಚಿನದ್ದು ಬೇಡ, ಅವು ಉರುಳ್ತವೆ. ಬರೀ ಪೇಂಟ್ ಸಾಲೂದಿಲ್ಲ, ಸಣ್ಣ ತೂತು ಕೊರೆದು ಡಿಜಿಪಿಎಸ್ ರಾಡ್ ತುದಿ ಪ್ರತಿ ಸಲ ಅಲ್ಲೇ ಕೂರೋ ಹಾಗೆ ಮಾಡಿ, ಫೋಟೋ ತೆಗೀರಿ.

ಇನ್ನು ಲೆಕ್ಕ. ಒಂದು ರೀಡಿಂಗಲ್ಲಿ 2 ಸೆಂಮೀ ತಪ್ಪು ಅಂದ್ರೂ ಎರಡು ವರ್ಷದ ರೀಡಿಂಗ್ ಕಳೆದಾಗ ಅದು ಹತ್ರ ಹತ್ರ 3 ಆಗ್ತದೆ. ಕೆಲವು ರಾಕ್ ಗ್ಲೇಸಿಯರ್ ವರ್ಷಕ್ಕೆ ಮೀಟರ್ ಗಟ್ಲೆ ಹೋಗ್ತವೆ, ಅಲ್ಲಿ ತೊಂದ್ರೆ ಇಲ್ಲ. ನಿಮ್ದು 5 ಸೆಂಮೀ ಹೋಗೋದಾದ್ರೆ ಒಂದು ವರ್ಷದ ನಂಬರ್ ಹಿಡ್ಕೊಂಡು ಎಂತದೂ ಹೇಳ್ಬೇಡಿ, ನಾಲ್ಕೈದು ವರ್ಷ ಬೇಕು. ಆಸ್ಟ್ರಿಯಾದ ಹೋಖೆಬೆನ್‌ಕಾರ್‌ನಲ್ಲಿ 1938ರಿಂದ ಅಳೀತಾ ಇದಾರೆ ಮಾರಾಯ್ತಿ! ಮತ್ತೆ ವೇಗ ವರ್ಷವಿಡೀ ಒಂದೇ ಇರೂದಿಲ್ಲ, ಆಲ್ಪ್ಸ್‌ನಲ್ಲಿ ಸಾಮಾನ್ಯವಾಗಿ ಶರತ್ಕಾಲದಲ್ಲಿ ಜೋರು, ಚಳಿಗಾಲ ಮುಗಿಯೋ ಹೊತ್ತಿಗೆ ಕಮ್ಮಿ. ಈ ಸಲ ಸೆಪ್ಟೆಂಬರ್ ಎರಡನೇ ವಾರ ಅಂದ್ರೆ ಮುಂದಿನ ಸಲವೂ ಅದೇ ವಾರ.

ಅಂಕೋಲಾದಿಂದ:
ಸ್ಯಾಟಲೈಟ್ ಬಗ್ಗೆ ನಾ ಹೇಳ್ತೆ. 2024ರ ಜುಲೈಲಿ ಶಿರೂರು ಗುಡ್ಡ ಕುಸಿದ ಮೇಲೆ ನಮ್ಮ ಘಟ್ಟದ ಮೇಲೆ ಸೆಂಟಿನೆಲ್-1 (ಯುರೋಪಿನ ರಾಡಾರ್ ಸ್ಯಾಟಲೈಟ್) ಡೇಟಾ ಹಾಕಿ ನೋಡ್ದೆ, ಕಾಡು ಅಲ್ದಾ, ಮಳೆಗಾಲದಲ್ಲಿ ಸಿಗ್ನಲ್ ಪೂರಾ ಕಲಸುಮೇಲೋಗರ. ನಿಮ್ಮಲ್ಲಿ ಬೋಳು ಕಲ್ಲು, ಹಿಮ ಇಲ್ಲದ ತಿಂಗಳಲ್ಲಿ ಚಂದ ಬರ್ತದೆ. ಆದ್ರೆ ಅದು ಕಾಣೋದು ಸ್ಯಾಟಲೈಟ್ ಕಡೆಗೆ ಬಂದ ಅಥವಾ ದೂರ ಹೋದ ಚಲನೆ ಮಾತ್ರ. ಅದು ನೋಡೋದು ಹೆಚ್ಚುಕಮ್ಮಿ ಪೂರ್ವ-ಪಶ್ಚಿಮ ದಿಕ್ಕಲ್ಲಿ, ಹಾಗಾಗಿ ಇಳಿಜಾರು ಉತ್ತರಕ್ಕೋ ದಕ್ಷಿಣಕ್ಕೋ ಇದ್ರೆ ಬಹಳಷ್ಟು ತಪ್ಪಿ ಹೋಗ್ತದೆ. ಎರಡು ದಿನದ ರಾಡಾರ್ ಚಿತ್ರ ಹೋಲಿಸಿದಾಗ ಬಣ್ಣದ ಪಟ್ಟೆ ಬರ್ತವೆ, ಫ್ರಿಂಜ್ ಅಂತಾರೆ, ಸೆಂಟಿನೆಲ್-1ರಲ್ಲಿ ಒಂದು ಫ್ರಿಂಜ್ ಅಂದ್ರೆ ಸುಮಾರು 2.8 ಸೆಂಮೀ ಚಲನೆ, ಎರಡು ಚಿತ್ರದ ನಡುವೆ ಅದಕ್ಕಿಂತ ಜೋರು ಓಡಿದ್ರೆ ಗೊಂದಲ. ಇಸ್ರೋ-ನಾಸಾದ ನಿಸಾರ್ 2025ರ ಜುಲೈಲಿ ಹೋಯ್ತಲ್ಲ, ಅದ್ರಲ್ಲಿ ಎಲ್-ಬ್ಯಾಂಡ್ ರಾಡಾರ್ ಉಂಟು, ಅದರ ತರಂಗ ಹೆಚ್ಚು ಉದ್ದ, ಹಾಗಾಗಿ ಜೋರು ಚಲನೆಗೂ ಗೊಂದಲ ಕಮ್ಮಿ, ಅದನ್ನೂ ನೋಡಿ. ಹಾಗಂತ ಡಿಜಿಪಿಎಸ್ ಬಿಡ್ಬೇಡಿ, ಎಲ್ಲಿ ತೂತು ಕೊರೀಬೇಕು ಅಂತ ಮೊದ್ಲೇ ಆರಿಸ್ಲಿಕ್ಕೆ ಈ ಮ್ಯಾಪ್ ಒಳ್ಳೇದು.

ಕುಮಟಾದಿಂದ:
ಅಳತೆ ಬಗ್ಗೆ ನಂಗೆ ಗೊತ್ತಿಲ್ಲ, ಟ್ರೆಕ್ಕಿಂಗ್ ಹೋಗುವವ. ಸಮುದ್ರ ಮಟ್ಟದಿಂದ ಹೊರಟವ್ರು ಅಟಲ್ ಟನೆಲ್ ಉಂಟು ಅಂತ ಮನಾಲಿಯಿಂದ ಒಂದೇ ದಿನ ಮೇಲೆ ಓಡ್ಬೇಡಿ, ಕೀಲಾಂಗಲ್ಲಿ ಎರಡು ರಾತ್ರಿ ಉಳೀರಿ. ತಲೆನೋವು ಜೋರಾದ್ರೆ ಇಳೀರಿ, ಹಟ ಬೇಡ. ಬ್ಯಾಟರಿ ಸ್ಲೀಪಿಂಗ್ ಬ್ಯಾಗ್ ಒಳಗೆ. ಪರ್ಮಿಶನ್ ಇಲ್ಲದೆ ಸ್ಯಾಟಲೈಟ್ ಫೋನ್ ಮಾತ್ರ ತಗೊಂಡು ಹೋಗ್ಬೇಡಿ, ಕೇಸ್ ಆಗ್ತದೆ.