ಎರೆಹುಳು ನಾಲೆ ತಲುಪುವಷ್ಟರಲ್ಲಿ ಸಾಯ್ತಿದೆ, ಉಳಿದದ್ದು ಗಾಳದಿಂದ ಜಾರ್ತಿದೆ. ದಾರಿ ಹೇಳಿ

ನಾಲೆದಂಡೆ:
ಸಾಕಾಗಿ ಹೋಗಿದೆ. ಮನೆಯಲ್ಲಿ ಚೆನ್ನಾಗಿ ಒದ್ದಾಡುತ್ತಿದ್ದ ಹುಳ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಹತ್ತಿರ ಡಬ್ಬಿ ತೆಗೆದರೆ ಅರ್ಧಕ್ಕರ್ಧ ಸತ್ತು ನಾರುತ್ತಿರುತ್ತೆ. ಬದುಕಿದ್ದನ್ನ ಗಾಳಕ್ಕೆ ಪೋಣಿಸಿದರೆ ತುಂಡಾಗುತ್ತೆ, ಇಲ್ಲಾ ಬೀಸುವಾಗಲೇ ಜಾರಿ ಬೀಳುತ್ತೆ. ಬೆಂಡು ಕುಣಿಯುತ್ತೆ, ಎಳೆದರೆ ಬರೀ ಗಾಳ. ಪಕ್ಕದಲ್ಲಿ ಕೂತ ಹುಡುಗರು ಚೀಲ ತುಂಬಿಸಿಕೊಂಡು ಹೋಗುತ್ತಾರೆ. ಏನು ಮಾಡಬೇಕು?

ಬಿದಿರುಕಡ್ಡಿ:
ಗಾಳದ ನಂಬರ್ ಎಷ್ಟು? ದಪ್ಪ ತಂತಿಯ ಗಾಳ ಹುಳದ ಮೈ ಸೀಳುತ್ತೆ. 8ನೇ ನಂಬರ್ ತಗೊಳ್ಳಿ (ನಂಬರ್ ಹೆಚ್ಚಾದಷ್ಟು ಗಾಳ ಚಿಕ್ಕದು), ಉದ್ದ ಕಾಲು (ಗಾಳದ ನೇರ ಭಾಗ), ತೆಳು ತಂತಿ. ಇಷ್ಟೇ ವಿಷಯ.

ಮುರುಗೋಡು_ಮಂಡ್ಯ:
ಯಾವ ಮೀನಿಗೆ ಹಾಕ್ತಿದ್ದೀರಿ? ಹುಳ ಎಲ್ಲಿಂದ ತಂದ್ರಿ? ಯಾವ ಡಬ್ಬಿ, ಒಳಗೆ ಏನು ತುಂಬಿದ್ದೀರಿ? ಇದ್ಯಾವುದೂ ಬರೆದಿಲ್ಲವಲ್ಲ ಗುರುಗಳೇ.

ನಾಲೆದಂಡೆ:
ಮಾಮೂಲಿ ಎರೆಹುಳು, ಮಾಮೂಲಿ ಡಬ್ಬಿ. ಜಾಸ್ತಿ ಕಚ್ಚೋದು ಜಿಲೇಬಿ ಮೀನು (ತಿಲಾಪಿಯಾ). ಗಾಳ 4ನೇ ನಂಬರ್.

ಬಿದಿರುಕಡ್ಡಿ:
ನೋಡಿ, 4! ಜಿಲೇಬಿ ಬಾಯಿ ಎಷ್ಟಿರುತ್ತೆ? ಮೊದಲು ಗಾಳ ಬದಲಾಯಿಸಿ.

ಮೈಸೂರು_ರೀಲ್:
ಗಾಳ ಹುಳನ್ನ ಡಬ್ಬಿಯೊಳಗೇ ಸಾಯಿಸಲ್ಲ ಅಲ್ವಾ? ಮಣ್ಣು ನೆನೆಸೋಕೆ ನಲ್ಲಿ ನೀರು ಬಳಸಿರಬೇಕು. ಎರೆಹುಳು ಉಸಿರಾಡೋದು ಚರ್ಮದಿಂದ, ಕ್ಲೋರಿನ್ ನೇರ ತಾಗುತ್ತೆ. ನೀರನ್ನ ರಾತ್ರಿ ಬಕೆಟ್ಟಲ್ಲಿ ತೆರೆದಿಟ್ಟು ಬೆಳಗ್ಗೆ ಚಿಮುಕಿಸಿ. ಅಂದಹಾಗೆ ಬೀಸುವಾಗ ಜಾರೋದಕ್ಕೆ ಕಡ್ಡಿಯೂ ಕಾರಣ. ನನ್ನದು ಏಳು ಅಡಿ ಮೀಡಿಯಂ ರಾಡ್, 2500 ಸೈಜಿನ ಶಿಮಾನೊ ರೀಲ್, ಬ್ರೇಡ್ ದಾರ. ಹುಳ ಅಲ್ಲಾಡಲ್ಲ.

ಬಿದಿರುಕಡ್ಡಿ:
ನಾಲೆ ದಂಡೆಯಲ್ಲಿ ಏಳು ಅಡಿ ರಾಡ್ ಯಾಕೆ ಬೇಕು? ಮೀನು ಇರೋದು ಕಾಲ ಬುಡದಲ್ಲಿ. ಬಿದಿರು ಕಡ್ಡಿಯಲ್ಲಿ ಬೀಸೋದೇ ಇಲ್ಲ, ಮೆಲ್ಲಗೆ ಇಳಿಸೋದು. ನಮ್ಮಪ್ಪ ಹಿಡಿದಷ್ಟು ಮೀನು ಯಾವ ರೀಲೂ ಹಿಡಿದಿಲ್ಲ.

ಮೈಸೂರು_ರೀಲ್:
ವರುಣಾ ಕೆರೆಯಂಥ ಕಡೆ ಬಿದಿರು ಕಡ್ಡಿಯಿಂದ ಎಷ್ಟು ದೂರ ಮುಟ್ಟುತ್ತೀರಿ? ಎರಡಕ್ಕೂ ಅದರದರ ಜಾಗ ಇದೆ.

ಉಪ್ಪುನೀರು:
ನಾನು ಕುವೆಂಪುನಗರದವನು. ಕೆಲಸದ ಮೇಲೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿದ್ದಾಗ ಸಮುದ್ರಕ್ಕೆ ಗಾಳ ಹಾಕೋದು ಕಲಿತೆ. ಅಲ್ಲಿ ರ‍್ಯಾಗ್‌ವರ್ಮ್ ಅಂತ ಹುಳ ಬಳಸುತ್ತಾರೆ. ಮೈಯ ಎರಡೂ ಬದಿಗೆ ಸಾಲು ಕಾಲಿನಂಥ ಕುಚ್ಚು. ತಲೆ ಹಿಂದೆ ಎರಡು ಬೆರಳಲ್ಲಿ ಒತ್ತಿದರೆ ಬಾಯಿ ಹೊರಗೆ ಮಗುಚಿಕೊಂಡು ಬರುತ್ತೆ, ಅದರ ತುದಿಯಲ್ಲಿ ಕಪ್ಪಗೆ ಒಂದು ಜೊತೆ ಕೊಂಡಿ. ದೊಡ್ಡ ಹುಳ ಕಚ್ಚಿದರೆ ರಕ್ತ ಬರುತ್ತೆ. ಬಾಯಿ ತೆರೆದ ಹೊತ್ತಿಗೆ ಗಾಳದ ಮೊನೆಯನ್ನ ಒಳಗೆ ಹಾಕಿ, ಮೈ ಉದ್ದಕ್ಕೂ ನಡುವಿನಲ್ಲೇ ನಡೆಸಿಕೊಂಡು, ಹುಳನ್ನ ಗಾಳದ ಕಾಲಿನ ಮೇಲೆ, ಆಮೇಲೆ ದಾರದ ಮೇಲೂ ಏರಿಸಬೇಕು. ಬಾಲ ಸ್ವಲ್ಪ ಮಾತ್ರ ನೇತಾಡಬೇಕು. ಅದಕ್ಕೇ ಅಲ್ಲಿ ಉದ್ದ ಕಾಲಿನ ತೆಳು ಅಬರ್ಡೀನ್ ಗಾಳ ಬಳಸೋದು. ಈ ವಿಷಯದಲ್ಲಿ ಬಿದಿರುಕಡ್ಡಿ ಅವರು ಹೇಳಿದ್ದು ಸರಿ.

ಆದರೆ ಇಡೋದರಲ್ಲಿ ಎಚ್ಚರ ಜಾಸ್ತಿ ಬೇಕು. ಸುದ್ದಿಪತ್ರಿಕೆಯಲ್ಲಿ ಸಡಿಲವಾಗಿ ಸುತ್ತಿ ತಣ್ಣಗೆ ಇಡುತ್ತಾರೆ. ಸಿಹಿನೀರು ತಾಗಿದರೆ ಸಾಯುತ್ತೆ. ತುಂಡಾದದ್ದು, ಸತ್ತದ್ದು ಒಂದಿದ್ದರೂ ಉಳಿದವು ಕೆಡುತ್ತವೆ, ಆಗಾಗ ಆರಿಸಿ ತೆಗೆಯಲೇಬೇಕು. ಈ ಒಂದು ಮಾತು ನಮ್ಮ ಎರೆಹುಳುವಿಗೂ ಅನ್ವಯಿಸುತ್ತೆ.

ಕರಾವಳಿ_ಅಳಿಯ:
ನಮ್ಮ ಮಾವನ ಮನೆ ಉಡುಪಿ. ಮಲ್ಪೆಯಲ್ಲಿ ನಾವು ಸಿಗಡಿ, ಬೊಂಡಾಸ್ (ಸ್ಕ್ವಿಡ್) ಹಾಕ್ತೀವಿ. ಸಿಗಡಿಯನ್ನ ಬಾಲದಿಂದ ಪೋಣಿಸಿ ತೆಳು ನೂಲು ಸುತ್ತಿದರೆ ಅಲೆಗೂ ಬಿಡಲ್ಲ. ಹುಳದ ತಲೆನೋವೇ ಇಲ್ಲ.

ಮುರುಗೋಡು_ಮಂಡ್ಯ:
ಸಮುದ್ರ ಆಮೇಲೆ ನೋಡೋಣ, ಕೇಳಿದವರು ನಾಲೆ ದಂಡೆಯಲ್ಲಿದ್ದಾರೆ. ನಾಲೆದಂಡೆ ಅವರೇ, ಡಬ್ಬಿ ಬಗ್ಗೆ ಸರಿಯಾಗಿ ಹೇಳಿ.

ನಾಲೆದಂಡೆ:
ಐಸ್‌ಕ್ರೀಮ್ ಡಬ್ಬಿ, ಮುಚ್ಚಳ ಬಿಗಿ. ಹುಳ ಪಕ್ಕದ ತೋಟದ ಎರೆಗೊಬ್ಬರದ ತೊಟ್ಟಿಯದು. ತಿನ್ನಲಿ ಅಂತ ಹಸಿ ಸಗಣಿ ಹಾಕ್ತೀನಿ. ಡಬ್ಬಿ ಸ್ಕೂಟರ್ ಡಿಕ್ಕಿಯಲ್ಲಿ. ಹೊರಡೋದು ಊಟ ಆದಮೇಲೆ.

ಮುರುಗೋಡು_ಮಂಡ್ಯ:
ಸಿಕ್ಕಿತು. ಹಸಿ ಸಗಣಿ ಕೊಳೆಯುವಾಗ ಬಿಸಿಯಾಗುತ್ತೆ, ಅಮೋನಿಯಾ ಬಿಡುತ್ತೆ. ಅದಕ್ಕೇ ತೊಟ್ಟಿಗೂ ಹಳೆ ಸಗಣಿಯನ್ನೇ ಹಾಕೋದು. ಮೇಲೆ ಬಿಗಿ ಮುಚ್ಚಳ, ಮಧ್ಯಾಹ್ನದ ಡಿಕ್ಕಿ. 35 ಡಿಗ್ರಿ ದಾಟಿದರೆ ಈ ಹುಳಗಳು ಉಳಿಯೋದು ಕಷ್ಟ. ಜಾರೋದು, ತುಂಡಾಗೋದು ಬೇರೆ ಸಮಸ್ಯೆ ಅಲ್ಲ, ಇದರದ್ದೇ ಬಾಲ. ಕಾವಿಗೆ ಸೊರಗಿದ ಹುಳ ಮೆತ್ತಗಾಗುತ್ತೆ, ಗಾಳದ ಮೇಲೆ ನಿಲ್ಲಲ್ಲ.

ಅಗಲ ಬಾಯಿಯ ಮಣ್ಣಿನ ಕುಡಿಕೆ ತಗೊಳ್ಳಿ. ತೊಳೆದು ಹಿಂಡಿದ ತೆಂಗಿನ ನಾರಿನ ಪುಡಿ ಅರ್ಧ ತುಂಬಿಸಿ, ಹಿಂದಿನ ದಿನವೇ ಹುಳ ಬಿಡಿ. ಹೊಟ್ಟೆಯ ಮಣ್ಣು ಖಾಲಿಯಾಗಿ ಚರ್ಮ ಬಿಗಿಯಾಗುತ್ತೆ. ಬಾಯಿಗೆ ಒದ್ದೆ ಗೋಣಿ ಕಟ್ಟಿ, ಡಿಕ್ಕಿ ಬೇಡ, ಕಾಲ ಬಳಿ ನೆರಳಲ್ಲಿ ಇಡಿ. ಪೋಣಿಸುವಾಗ ಬೆರಳಿಗೆ ಒಣ ಮಣ್ಣು ಹಚ್ಚಿಕೊಳ್ಳಿ, ಲೋಳೆ ಜಾರಲ್ಲ. ತಲೆ ಕಡೆ ಮೈಗೆ ಪಟ್ಟಿ ಹಾಕಿದಂತೆ ದಪ್ಪ ಭಾಗ ಇದೆಯಲ್ಲ, ಅದರ ಪಕ್ಕ ಮೊನೆ ಚುಚ್ಚಿ.

ತೊಟ್ಟಿ ಹುಳದಲ್ಲೂ ಎರಡು ಥರ ಇದೆ. ಕೆಂಪು ಮೈ, ಹಳದಿ ಗೆರೆಯದು ಐಸೀನಿಯಾ ಫೆಟಿಡಾ. ಚುಚ್ಚಿದರೆ ಹಳದಿ ರಸ ಬಿಡುತ್ತೆ, ನಾತ. ಉದ್ದಕ್ಕೆ ನೇರಳೆ ಹೊಳಪಿನದು ಆಫ್ರಿಕಾದ ಯೂಡ್ರಿಲಸ್. ನನಗೆ ಗಾಳಕ್ಕೆ ಅದೇ ಇಷ್ಟ.

ಬಿದಿರುಕಡ್ಡಿ:
ಇಷ್ಟೆಲ್ಲ ಮಾಡಿದರೂ 4ನೇ ನಂಬರ್ ಗಾಳದಲ್ಲಿ ಜಿಲೇಬಿ ಬಾಲ ಕಿತ್ಕೊಂಡು ಹೋಗುತ್ತೆ. ಬರೆದಿಟ್ಟುಕೊಳ್ಳಿ.

ನಾಲೆದಂಡೆ:
ಕುಡಿಕೆ ಕೆಲಸ ಮಾಡ್ತು. ಸಂಜೆವರೆಗೂ ಹುಳ ಜೀವಂತ, ಮುಟ್ಟಿದರೆ ಸುರುಳಿ ಸುತ್ತುತ್ತೆ. ಒಂದು ಮುರುಗೋಡು ಮೀನೂ ಬಂತು. ಆದರೆ ಜಿಲೇಬಿ ಈಗಲೂ ಬಾಲ ಕಿತ್ತು ಓಡ್ತಿವೆ.

ಬಿದಿರುಕಡ್ಡಿ:
ಹೇಳಿದ್ನಲ್ಲ! 8 ಇಲ್ಲಾ 10.

ಉಪ್ಪುನೀರು:
ಇಲ್ಲಿ ಅವರ ಮಾತು ಕೇಳಿ. ಜಿಲೇಬಿಗೆ ಇಡೀ ಹುಳ ಬೇಡ, ಗಾಳ ಮುಚ್ಚುವಷ್ಟು ತುಂಡು ಸಾಕು. ಬಾಲ ನೇತಾಡೋದು ಬೇಡ. ಇಡೀ ಹುಳ ಮುರುಗೋಡಿಗೆ ಇಡಿ.

ಮೈಸೂರು_ರೀಲ್:
ಈ ಸೀಸನ್‌ನಲ್ಲಿ ರಂಗನತಿಟ್ಟು ಕಡೆ ಹೋಗೋಣ ಅಂತ ಒಬ್ಬರು ಮೆಸೇಜ್ ಮಾಡಿದ್ದರು. ಅದು 1940ರಿಂದ ಪಕ್ಷಿಧಾಮ, ಅಲ್ಲಿ ಗಾಳ ಹಾಕಬೇಡಿ. ಮೊಸಳೆಯೂ ಇವೆ.

ನಾಲೆದಂಡೆ:
ಹೋಗಲ್ಲ ಸಾರ್. ಮುರುಗೋಡು ಅಣ್ಣ, ನಾರಿನ ಪುಡಿ ಯಾಕೆ ತೊಳೀಬೇಕು? ಅಂಗಡಿಯವರು ಹಾಗೇ ಹಾಕಿ ಅಂದರು.

ಮುರುಗೋಡು_ಮಂಡ್ಯ:
ಅದರಲ್ಲಿ ಉಪ್ಪಿನಂಶ ಇರುತ್ತೆ, ಹುಳಕ್ಕೆ ಆಗಲ್ಲ. ಬಕೆಟ್ಟಲ್ಲಿ ನೆನೆಸಿ, ಹಿಂಡಿ, ನೀರು ಬದಲಾಯಿಸಿ. ಹಿಂಡಿದ ನೀರಿನ ಕೆಂಪು ಬಣ್ಣ ತಿಳಿಯಾಗುವ ತನಕ ಮಾಡಿ.